ಮಂಜವ್ವನ ಗರಿಕೆ ಎಣ್ಣೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಮಂಜವ್ವನ ಮನೆ ಹುಡುಕಲು ಅವಳ ಹೆಸರು ಬೇಕಿರಲಿಲ್ಲ. “ಎಣ್ಣಿ ಕೊಡೋ ಅವ್ವನ ಮನಿ ಯಾವುದ್ರಿ?” ಅಂದರೆ ಸಾಕು, ಓಣಿಗೆ ಓಣಿಯೇ ಒಂದು ಕಡೆಗೆ ಕೈ ಮಾಡುತ್ತಿತ್ತು. ರವಿವಾರ ಮತ್ತು ಗುರುವಾರ ಬೆಳಿಗ್ಗೆ ಅವಳ ಮನೆಯ ಕಟ್ಟೆಯ ಮೇಲೆ ಕೂಸು ಎತ್ತಿಕೊಂಡ ಹೆಂಗಸರು ಕೂತಿರುತ್ತಿದ್ದರು. ಹೊಂಬಳದವರು, ಅಂತೂರ ಬೆಂತೂರದವರು, ಒಮ್ಮೊಮ್ಮೆ ಶಿರಹಟ್ಟಿ ಕಡೆಯಿಂದ ಬಸ್ಸು ಹತ್ತಿ ಬಂದವರು. ಒಂದು ಕೂಸಿಗೆ ತಲೆಯಲ್ಲಿ ಕಜ್ಜಿ, ಇನ್ನೊಂದಕ್ಕೆ ಗಲ್ಲದ ಮೇಲೆ ಗುಳ್ಳೆ, ಮತ್ತೊಂದಕ್ಕೆ ಕತ್ತಿನ ಮಡಿಕೆಯಲ್ಲಿ ಕೆಂಪು. ಮಂಜವ್ವ ಕೂಸನ್ನು ಬೆಳಕಿಗೆ ತಿರುಗಿಸಿ ನೋಡುವಳು. ಆಮೇಲೆ ಸಣ್ಣ ಬಾಟ್ಲಿಯಲ್ಲಿ ಹಸಿರು ಎಣ್ಣೆ ಸುರಿದು ಕೊಡುವಳು. ದುಡ್ಡು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಎಣ್ಣೆಯ ಗುಣ ಹೋಗುತ್ತದೆ ಎಂದು ಅವಳ ಅತ್ತೆ ಹೇಳಿ ಸತ್ತಿದ್ದಳು. ಕೂಸು ಗುಣವಾದ ಮೇಲೆ ಒಂದು ತೆಂಗಿನಕಾಯಿ ತಂದು ಹೊಸ್ತಿಲ ಬದಿಗೆ ಇಟ್ಟು ಹೋಗಬೇಕು, ಅಷ್ಟೇ.

ಎಂಟು ವರ್ಷದ ಹುಡುಗಿಯಿದ್ದಾಗಿನಿಂದ ಮಂಜವ್ವ ರಾಟಿಯ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತಿಕೊಟ್ಟವಳು. ನನ್ನ ಕುಣಿಮಗ್ಗಕ್ಕೂ ಇಪ್ಪತ್ತೆರಡು ವರ್ಷ ಅವಳೇ ಸುತ್ತಿದಳು. ಎಳೆ ಹರಿದರೆ ರಾಟಿ ಪೂರ್ತಿ ನಿಲ್ಲುವುದರೊಳಗೆ ಗಂಟು ಬಿದ್ದಿರುತ್ತಿತ್ತು. ಅಂಥ ಬೆರಳುಗಳನ್ನು ನಾನು ಈ ಗದಗ-ಬೆಟಗೇರಿ ಅವಳಿ ಊರಿನಲ್ಲಿ ಇನ್ನೊಬ್ಬರಲ್ಲಿ ಕಂಡಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದವನು ನಾನು. ಬೆರಳಿನ ವಿಷಯದಲ್ಲಿ ನನ್ನ ಮಾತು ತೆಗೆದುಹಾಕುವವರು ಇನ್ನೂ ಹುಟ್ಟಬೇಕು.

ಮಗ್ಗಗಳು ಒಂದೊಂದಾಗಿ ನಿಂತವು. ಗಂಡ ತೀರಿದ. ಮಗ ಮೌನೇಶ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗತೊಡಗಿದ, ಸೊಸೆ ವಿದ್ಯಾಶ್ರೀ ಬಟ್ಟೆ ಅಂಗಡಿಗೆ. ಮಂಜವ್ವನ ಬೆರಳಿಗೆ ಉಳಿದ ಕೆಲಸ ಎರಡೇ. ವಾರಕ್ಕೊಮ್ಮೆ ಎಣ್ಣೆ ಕಾಯಿಸುವುದು, ದಿನವೆಲ್ಲ ಮೊಮ್ಮಗಳು ದುರ್ಗಾಳನ್ನು ನೋಡಿಕೊಳ್ಳುವುದು. ದುರ್ಗಾಗೆ ಆಗ ಮೂರು ವರ್ಷ. ಬಾಯಿ ತೆಗೆದರೆ ಸುಮ್ಮನಾಗದ ಹುಡುಗಿ. ಅಜ್ಜಿಯನ್ನು ಆಯಿ ಎಂದು ಕರೆಯುತ್ತಿತ್ತು, ಆಯಿಯ ಸೆರಗು ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗುತ್ತಿರಲಿಲ್ಲ.

ಎಣ್ಣೆಯ ಗುಟ್ಟು ಇಲ್ಲೇ ಹೇಳಿಬಿಡುತ್ತೇನೆ. ಇದು ನನಗೂ ಬಹಳ ತಡವಾಗಿ, ಅವಳ ಬಾಯಿಂದಲೇ ತಿಳಿದದ್ದು.

ಅತ್ತೆ ಕಲಿಸಿದ್ದು ಗರಿಕೆ, ಬೇವಿನ ಚಿಗುರು, ಅರಿಷಿಣ, ಕೊಬ್ಬರಿ ಎಣ್ಣೆ. ಸಣ್ಣ ಉರಿಯಲ್ಲಿ ಕಾಯಿಸಿ ಸೋಸಬೇಕು. ಆ ಎಣ್ಣೆ ಕೆಲಸ ಮಾಡುತ್ತಿತ್ತು, ಆದರೆ ನಿಧಾನ. ಕೆಲವು ಕೂಸುಗಳಿಗೆ ತಿಂಗಳು ಹಿಡಿಯುತ್ತಿತ್ತು, ಕೆಲವಕ್ಕೆ ಹತ್ತುತ್ತಲೇ ಇರಲಿಲ್ಲ. ಎಂಟು ವರ್ಷದ ಹಿಂದೆ ಮಂಜವ್ವನ ಮುಂಗೈಗೆ ಹುಳಕಡ್ಡಿ ಆಯಿತು. ತನ್ನ ಎಣ್ಣೆಯನ್ನೇ ಇಪ್ಪತ್ತು ದಿನ ಹಚ್ಚಿಕೊಂಡು ಬೇಸತ್ತು ಔಷಧದ ಅಂಗಡಿಗೆ ಹೋದಳು. ಅಂಗಡಿಯವನು ಕೈ ನೋಡಿ, ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬು ಕೊಟ್ಟ. ಎರಡೇ ದಿನಕ್ಕೆ ತುರಿಕೆ ಮಾಯ. ಮಂಜವ್ವ ಆ ಟ್ಯೂಬನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲ. ಆ ರವಿವಾರ ಎಣ್ಣೆ ಸೋಸಿ ಆರಿದ ಮೇಲೆ ಒಂದು ಟ್ಯೂಬನ್ನು ಪೂರ್ತಿ ಹಿಂಡಿ ಪಾತ್ರೆಯಲ್ಲಿ ಕದಡಿದಳು. ಇದೂ ಔಷಧ, ಅದೂ ಔಷಧ. ಎರಡು ಕೂಡಿದರೆ ಕೂಸುಗಳಿಗೆ ಜಲ್ದಿ ಆರಾಮಾಗುತ್ತದೆ. ಅವಳ ತಲೆಯಲ್ಲಿ ಇದ್ದದ್ದು ಅಷ್ಟೇ. ಮೋಸ ಎಂಬ ಶಬ್ದ ಅದರ ಹತ್ತಿರ ಕೂಡ ಸುಳಿದಿರಲಿಲ್ಲ.

ಮುಂದಿನ ವಾರ ಹೆಂಗಸರು ಅವಳ ಕಾಲಿಗೆ ಬಿದ್ದರು. “ಮೂರ ದಿನಕ್ಕ ಕೂಸಿನ ಮಾರಿ ಬೆಣ್ಣಿ ಆಗೇತಿ ನೋಡಬೇ ಯವ್ವಾ!” ಹೊಸ್ತಿಲ ಬದಿಗೆ ಕಾಯಿಗಳ ಗುಡ್ಡೆ ಬೆಳೆಯಿತು. ಒಂದು ಟ್ಯೂಬು ಎರಡಾಯಿತು. ಖಾಲಿ ಟ್ಯೂಬುಗಳನ್ನು ಅವಳು ಒಲೆಗೆ ಹಾಕುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಂದಿ ಅವಳ ಕಟ್ಟೆಗೆ ಯಾಕೆ ಬರುತ್ತಿದ್ದರು, ನೆಟ್ಟಗೆ ಅಂಗಡಿಗೆ ಹೋಗುತ್ತಿದ್ದರಲ್ಲ.

ಕಳೆದ ಚಳಿಗಾಲದಲ್ಲಿ ದುರ್ಗಾಗೆ ನೆಗಡಿಯಾಯಿತು. ಮೂಗು ಒರೆಸಿ ಒರೆಸಿ ಬಾಯಿಯ ಬದಿಗೆ ನಾಲ್ಕಾರು ಕೆಂಪು ಗುಳ್ಳೆ ಎದ್ದವು, ರಾಗಿ ಕಾಳಿನಷ್ಟು. ಬೇರೆ ಮನೆಯಲ್ಲಾಗಿದ್ದರೆ ಯಾರೂ ತಿರುಗಿ ನೋಡದಂಥ ಗುಳ್ಳೆ. ಮಂಜವ್ವ ಎಣ್ಣೆ ಹಚ್ಚಿದಳು. ಮೂರನೇ ದಿನ ಮುಖ ಸ್ವಚ್ಛ. ಹಚ್ಚುವುದು ಬಿಟ್ಟ ಎಂಟೇ ದಿನಕ್ಕೆ ಗುಳ್ಳೆ ಮರಳಿ ಬಂದವು, ಈ ಸಲ ಗದ್ದದ ತನಕ. ಮತ್ತೆ ಎಣ್ಣೆ, ಮತ್ತೆ ಇಳಿತ. ಬಿಟ್ಟರೆ ಮತ್ತೆ ಬಂತು, ಮೂಗಿನ ಎರಡೂ ಬದಿಗೆ. ಆಮೇಲೆ ಕಣ್ಣಿನ ಕೆಳಗೆ. ಹೀಗೇ ಐದು ತಿಂಗಳು. ಕೊನೆಗೆ ಬೆಳಿಗ್ಗೆ ಒಮ್ಮೆ ಸಂಜೆಗೊಮ್ಮೆ ಹಚ್ಚಿದರೂ ಕೆಂಪು ಪೂರ್ತಿ ಹೋಗದಾಯಿತು.

ಎದುರು ಮನೆಯ ಮಲಂಗಸಾಬ ಗಾದಿ ಹೊಲಿಯುವವನು. ಹೊಲಿಗೆಗಿಂತ ಅವನ ಮಾತೇ ಮೊನಚು. ಒಂದು ದಿನ ದುರ್ಗಾಳ ಗದ್ದ ಎತ್ತಿ ನೋಡಿ ಅಂದ, “ಮಂಜಕ್ಕಾ, ಊರ ಮಂದಿ ಮಕ್ಕಳ ಮಾರಿ ಎಲ್ಲಾ ತಿಕ್ಕಿ ಬೆಳಗಿದಿ. ಮನಿ ಕೂಸಿಂದಽ ಹಿಂಗ್ಯಾಕ? ಮನಿಯವರಿಗೆ ನೀರ ಬೆರಸಿದ್ದು ಹಚ್ಚತೀಯೇನ?”

“ಹೋಗೋ ಹುಚ್ಚಾ, ನಿನ್ನ ಗಾದ್ಯಾಗಿನ ಹತ್ತಿಗಿಂತ ನನ್ನ ಎಣ್ಣಿ ಚೊಕ್ಕ ಐತಿ” ಎಂದು ಮಂಜವ್ವ ನಕ್ಕಳು.

ಅವನ ಹೆಂಡತಿ ರೋಶನಬಿ ನಗಲಿಲ್ಲ. “ಬಾಯಿಗೆ ಬಂದ್ಹಂಗ ಮಾತಾಡ್ತೀರಿ, ಕೂಸು ಸೊರಗೇತಿ ನೋಡ್ರಿ ಅಲ್ಲಿ” ಎಂದು ಗಂಡನನ್ನು ಗದರಿಸಿ, ದುರ್ಗಾಳ ಕೈಗೆ ಒಂದು ಖರ್ಜೂರ ಇಟ್ಟಳು.

ಅಂಗನವಾಡಿಯಲ್ಲಿ ಮಾತು ಬಂದದ್ದು ಅದೇ ವಾರ. ಟೀಚರ್ ಹೊರಗಿನ ತನಕ ನಡೆದು ಬಂದು ಮೆಲ್ಲಗೆ ಹೇಳಿದಳು, “ಅವ್ವಾರ, ತಪ್ಪ ತಿಳ್ಕೋಬ್ಯಾಡ್ರಿ. ಉಳಿದ ಮಕ್ಕಳ ತಾಯಂದಿರು ದಿನಾ ಜಗಳಾ ತಗೀತಾರ. ಮಾರಿ ಆರೂತನಕ ಮನ್ಯಾಗ ಇಟ್ಕೊಳ್ರಿ.” ದುರ್ಗಾ ಬಾಗಿಲ ಚೌಕಟ್ಟು ಹಿಡಿದು ಬಿಡಲಿಲ್ಲ. ಒಳಗೆ ಮಕ್ಕಳು ಚಪ್ಪಾಳೆ ತಟ್ಟಿ ಹಾಡುತ್ತಿದ್ದವು. ಮಂಜವ್ವ ಮೊಮ್ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಂಡು ಬಂದಳು.

ವಿದ್ಯಾಶ್ರೀ ಅಂಗಡಿಗೆ ರಜೆ ಹಾಕಿದಳು. ಅತ್ತೆ, ಸೊಸೆ, ಕೂಸು ಮೂವರೂ ದೊಡ್ಡ ಆಸ್ಪತ್ರೆಗೆ ಹೋದರು. ಚರ್ಮದ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ದಾವಣಗೆರೆ ಕಡೆಯ ಮಾತು. ದುರ್ಗಾಳ ಮುಖಕ್ಕೆ ದೀಪ ಹಿಡಿದು ಬಹಳ ಹೊತ್ತು ನೋಡಿದಳು.

“ಬಾಯಿಯ ಸುತ್ತ, ಮೂಗಿನ ಬದಿ, ಕಣ್ಣಿನ ಕೆಳಗೆ. ತುಟಿಯ ಅಂಚನ್ನು ಮಾತ್ರ ಬಿಟ್ಟಿದೆ. ಯಾವುದಾದರೂ ಟ್ಯೂಬು ಹಚ್ಚುತ್ತಿದ್ದೀರಾ? ಅಂಗಡಿಯಿಂದ ತಂದದ್ದು?”

“ದೇವರಾಣಿ ಇಲ್ರಿ ಮೇಡಂ” ಎಂದಳು ವಿದ್ಯಾಶ್ರೀ. “ಔಷಧದ ಅಂಗಡಿದು ಒಂದ ಹನಿ ಸೈತ ಹಚ್ಚಿಲ್ಲ. ನಮ್ಮ ಅತ್ತಿ ಕಾಯಿಸಿದ ಗರಿಕಿ ಎಣ್ಣಿ ಅಷ್ಟಽ.”

ಡಾಕ್ಟರ್ ಮಂಜವ್ವನ ಕಡೆ ತಿರುಗಿದಳು. “ಅಜ್ಜಿ, ಎಣ್ಣೆಗೆ ಏನೇನು ಹಾಕುತ್ತೀರಿ?”

“ಗರಿಕಿ” ಎಂದಳು ಮಂಜವ್ವ. “ಬೇವು. ಅರಿಷಿಣ.”

“ಅಷ್ಟೇನಾ?”

ಆ ಹೊತ್ತಿನದನ್ನು ಆಮೇಲೆ ಅವಳು ನನ್ನ ಮುಂದೆ ಹೇಳಿದಳು. ಟ್ಯೂಬು ಎಂಬ ಶಬ್ದ ಕೇಳಿದ ಕೂಡಲೇ ಅವಳಿಗೆ ಅರ್ಧ ತಿಳಿದಿತ್ತು. ಪಕ್ಕದಲ್ಲಿ ಸೊಸೆ ಇದ್ದಳು, ಈಗಷ್ಟೇ ಅತ್ತೆಯ ಎಣ್ಣೆಯ ಮೇಲೆ ದೇವರ ಆಣೆ ಇಟ್ಟವಳು. ಬಾಗಿಲ ಹೊರಗೆ ಚೀಟಿ ಹಿಡಿದು ನಿಂತವರಲ್ಲಿ ಅವಳ ಗುರುತಿನ ಹೊಂಬಳದ ಹೆಂಗಸು ಒಬ್ಬಳಿದ್ದಳು.

“ಕೊಬ್ಬರಿ ಎಣ್ಣಿ” ಎಂದಳು ಮಂಜವ್ವ.

ಡಾಕ್ಟರಿಗೆ ಏನೋ ತಾಳೆ ಬೀಳಲಿಲ್ಲ. ಒಂದು ಕುಡಿಯುವ ಔಷಧ ಬರೆದಳು. “ಎಣ್ಣೆ, ಸೋಪು, ಪೌಡರು ಎಲ್ಲ ನಿಲ್ಲಿಸಿ. ಮುಖಕ್ಕೆ ಬರೀ ನೀರು. ಎರಡು ವಾರ ಬಿಟ್ಟು ಬನ್ನಿ.”

ಅದು ಸೋಮವಾರ. ಗುರುವಾರ ಕಟ್ಟೆಗೆ ಬಂದ ಹೆಂಗಸರಿಗೆ ಮಂಜವ್ವ ಗರಿಕೆ ಸಿಗಲಿಲ್ಲ ಎಂದು ಸುಳ್ಳು ಹೇಳಿ ಕಳಿಸಿದಳು. ಒಳಗೆ ಪಾತ್ರೆಯ ತುಂಬ ಎಣ್ಣೆ ಇತ್ತು. ಶುಕ್ರವಾರ ದುರ್ಗಾಳ ಮುಖ ಉಕ್ಕತೊಡಗಿತು. ಶನಿವಾರ ಕಣ್ಣು ಅರ್ಧ ಮುಚ್ಚಿದವು. ಗಲ್ಲವೆಲ್ಲ ಸುಟ್ಟಂತೆ ಕೆಂಪು, ಗುಳ್ಳೆಯ ಮೇಲೆ ಗುಳ್ಳೆ, ತುದಿಯಲ್ಲಿ ಬಿಳಿ ಕೀವು. ನೀರು ತಾಗಿದರೆ ಕೂಸು ಚೀರುತ್ತಿತ್ತು. ಊಟಕ್ಕೆ ಬಾಯಿ ತೆಗೆದರೆ ಚರ್ಮ ಬಿರಿಯುತ್ತಿತ್ತು. ಮಾತಿನ ಮಲ್ಲಿಯಂಥ ಹುಡುಗಿ ಮಾತೇ ಬಿಟ್ಟಿತು.

ರವಿವಾರ ಬೆಳಿಗ್ಗೆ ಕಟ್ಟೆಯ ಮೇಲೆ ಐದಾರು ಹೆಂಗಸರು ಬಂದು ಕೂತಿದ್ದರು. ನಾನು ಎದುರಿನ ಮಲಂಗಸಾಬನ ಕಟ್ಟೆಯ ಮೇಲಿದ್ದೆ. ಒಳಗಿಂದ ಕೂಸಿನ ಅಳು, ಅದರ ಮೇಲೆ ವಿದ್ಯಾಶ್ರೀಯ ದನಿ. ಅವಳು ಕೂಸನ್ನು ಎತ್ತಿಕೊಂಡು ಹೊರಗೇ ಬಂದುಬಿಟ್ಟಳು, ಹಿಂದೆ ಮಂಜವ್ವ.

“ಅತ್ತಿ, ನಿಮ್ಮ ಕಾಲ ಹಿಡೀತೀನ್ರಿ, ಒಂದ ಸರ್ತಿ ಎಣ್ಣಿ ಹಚ್ರಿ. ಆ ಡಾಕ್ಟರ್ ಔಷಧ ಕೂಸನ್ನ ಸುಡಾಕತ್ತೈತಿ. ನಿಮ್ಮ ಎಣ್ಣಿಗಽ ಇಳೀತಿತ್ತು. ನಾನಽ ಹುಚ್ಚಿ, ಮನ್ಯಾಗ ನಿಮ್ಮನ್ನ ಇಟ್ಕೊಂಡು ದವಾಖಾನಿಗೆ ಹೋದೆ.”

ಮಂಜವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

“ಹಚ್ಚಬೇ, ನೋಡಾಕ ಆಗವಲ್ದು” ಎಂದಳು ಕಟ್ಟೆಯ ಮೇಲಿನ ಒಬ್ಬಳು.

ಬಾಗಿಲಲ್ಲಿ ನಿಂತಿದ್ದ ಮೌನೇಶನಿಗೆ ಸಿಟ್ಟು ಏರಿತು. “ಯವ್ವಾ, ಡಾಕ್ಟರು ನಿನ್ನ ಎಣ್ಣಿ ಬ್ಯಾಡ ಅಂದ್ರು ಅಂತ ಸೊಕ್ಕ ಮಾಡ್ತೀಯಾ? ಕೂಸಿನ ಮ್ಯಾಲ ತೀರಿಸ್ಕೋತೀಯಾ?”

ಒಂದು ಬೆರಳು ಎಣ್ಣೆ ಸಾಕಿತ್ತು. ಎರಡು ದಿನದೊಳಗೆ ಕೆಂಪು ತಗ್ಗುತ್ತಿತ್ತು, ಕೂಸು ಉಣ್ಣುತ್ತಿತ್ತು, ಸೊಸೆ ಕಾಲಿಗೆ ಬೀಳುತ್ತಿದ್ದಳು, ಊರು ಹೊಗಳುತ್ತಿತ್ತು. ಅದು ಮಂಜವ್ವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಎಂಟು ದಿನ ಬಿಟ್ಟು ಏನಾಗುತ್ತದೆ ಎಂಬುದೂ ಈಗ ಗೊತ್ತಿತ್ತು. ಅವಳು ಒಳಗೆ ಹೋದಳು. ಎಣ್ಣೆ ತರಲು ಹೋದಳೆಂದು ಎಲ್ಲರೂ ತಿಳಿದೆವು. ಹೊರಗೆ ಬಂದಾಗ ಒಂದು ಕೈಯಲ್ಲಿ ಎಣ್ಣೆಯ ಪಾತ್ರೆ ಇತ್ತು, ಇನ್ನೊಂದರಲ್ಲಿ ಇನ್ನೂ ಒಡೆಯದ ಎರಡು ಟ್ಯೂಬು.

“ಇದನ್ನ ಹಿಂಡತಿದ್ನಿ ಇದರಾಗ” ಎಂದಳು. ದನಿ ಸಣ್ಣದಿತ್ತು, ಆದರೆ ಕಟ್ಟೆಯ ಕೊನೆಯ ತನಕ ಕೇಳಿಸಿತು. “ಎಂಟ ವರ್ಷಾತು. ಡಾಕ್ಟರು ಕೇಳಿದ್ದು ಇದನ್ನಽ. ನಾ ಹೇಳಲಿಲ್ಲ.”

ಟ್ಯೂಬುಗಳನ್ನು ಸೊಸೆಯ ಕೈಗೆ ಕೊಟ್ಟು, ಪಾತ್ರೆಯನ್ನು ಗಟಾರಿನ ಮೇಲೆ ಬೋರಲು ಹಾಕಿದಳು.

ವಿದ್ಯಾಶ್ರೀ ಅಳಲಿಲ್ಲ, ಬೈಯಲಿಲ್ಲ. ಟ್ಯೂಬಿನ ಮೇಲಿನ ಅಕ್ಷರಗಳನ್ನು ಓದಿದಳು. ಆಮೇಲೆ ಅತ್ತೆಯ ಮುಖ ನೋಡಿದಳು. “ನಾ ಆಣಿ ಇಟ್ಟಿದ್ನೆಲ್ರಿ ಅತ್ತಿ” ಎಂದಷ್ಟೇ ಅಂದು ಒಳಗೆ ಹೋದಳು.

ಕಟ್ಟೆಯ ಮೇಲಿನವರು ಕದಲಲಿಲ್ಲ. ಅಂತೂರ ಬೆಂತೂರದಿಂದ ಬಂದವಳಿಗೆ ಗಟಾರಿಗೆ ಹೋದ ಎಣ್ಣೆಯದೇ ಸಂಕಟ. “ಟ್ಯೂಬರ ಇರ್ಲಿ, ಮತ್ತೇನರ ಇರ್ಲಿ, ನಮ್ಮ ಕೂಸಿಗೆ ಗುಣಾ ಕೊಟ್ಟೈತಲ್ಲಬೇ! ಮೂರ ತಾಸು ಬಸ್ಸಿಗೆ ಕಾದು ಬಂದೀನಿ. ತಳದಾಗಿಂದರ ಕೊಡಬಾರದಾ?”

“ಕೂಸಿಗೆ ಎಷ್ಟ ದಿನದಿಂದ ಹಚ್ಚತಿ?” ಎಂದು ಮಂಜವ್ವ ಕೇಳಿದಳು.

“ಹೋದ ದೀಪಾವಳಿಯಿಂದ. ಹಚ್ಚಿದ್ರ ಚೊಲೊ ಇರತೈತಿ, ಬಿಟ್ರ ಬರತೈತಿ.”

ಮಂಜವ್ವ ಕಟ್ಟೆಯ ಅಂಚು ಹಿಡಿದು ಕೂತಳು. ಎಂಟು ವರ್ಷದಲ್ಲಿ ಎಷ್ಟು ಬಾಟ್ಲಿ ಕೊಟ್ಟಿದ್ದಳೋ, ಯಾವ ಊರಿನ ಯಾವ ಮನೆಗೆ ಹೋದವೋ, ಅವಳಿಗೆ ಹೇಗೆ ಗೊತ್ತಿರಬೇಕು? “ಬಿಡು ತಂಗಿ, ಹಚ್ಚೂದ ಬಿಡು. ಡಾಕ್ಟರಿಗೆ ತೋರಸು” ಎಂದಳು. ಆ ಹೆಂಗಸು, “ಕೊಡಾಕ ಮನಸಿಲ್ಲಂದ್ರ ಹಂಗ ಹೇಳಬೇಕು, ಇಷ್ಟ್ಯಾಕ ಕತಿ ಕಟ್ಟಬೇಕು” ಎಂದು ಬೈಯುತ್ತ ಎದ್ದು ಹೋದಳು. ಮಂಜವ್ವ ಆ ವಾರ ತಾನೇ ಹೊಂಬಳಕ್ಕೆ, ಅಂತೂರ ಬೆಂತೂರಕ್ಕೆ ಹೋಗಿ ಗುರುತಿದ್ದ ಏಳೆಂಟು ಮನೆಗಳಿಗೆ ಹೇಳಿ ಬಂದಳು. ಇಬ್ಬರು ನಂಬಿದರು. ಉಳಿದವರು ಚಹಾ ಕೊಟ್ಟು, ಮತ್ತೆ ಎಣ್ಣೆ ತುಂಬಿಕೊಡಲಿ ಎಂದು ಬಾಟ್ಲಿ ತೊಳೆದು ತಂದು ಮುಂದೆ ಇಟ್ಟರು.

ಸೋಮವಾರ ಟ್ಯೂಬು ತೆಗೆದುಕೊಂಡು ಮತ್ತೆ ಆಸ್ಪತ್ರೆಗೆ ಹೋದರು. ಡಾಕ್ಟರ್ ಟ್ಯೂಬು ನೋಡಿ ಕಣ್ಣು ಮುಚ್ಚಿ ತೆರೆದಳು.

“ಇದರಲ್ಲಿ ಸ್ಟೆರಾಯ್ಡ್ ಇದೆ, ಅಜ್ಜಿ. ಹಚ್ಚುವಷ್ಟು ದಿನ ಕೆಂಪನ್ನು ಅಡಗಿಸುತ್ತೆ. ಮಗುವಿನ ಮುಖ ಅದಕ್ಕೆ ಹೊಂದಿಕೊಂಡುಬಿಡುತ್ತೆ. ಬಿಟ್ಟರೆ ಹೀಗೆ ಉಕ್ಕುತ್ತೆ. ಮೊದಲೇ ಹೇಳಿದ್ದರೆ ಹೀಗಾಗುತ್ತೆ ಅಂತ ನಿಮಗೆ ಹೇಳಿ ಕಳಿಸುತ್ತಿದ್ದೆ, ಇಷ್ಟು ಗಾಬರಿ ಬೀಳುತ್ತಿರಲಿಲ್ಲ.”

“ಎಷ್ಟ ದಿನಕ್ಕ ಆರತೈತ್ರಿ?” ಎಂದು ವಿದ್ಯಾಶ್ರೀ ಕೇಳಿದಳು.

“ಖಚಿತವಾಗಿ ಹೇಳಲಿಕ್ಕೆ ಆಗಲ್ಲ. ಆರು ವಾರ. ಕೆಲವು ಮಕ್ಕಳಿಗೆ ಮೂರು ತಿಂಗಳು.”

“ಅಲ್ಲೀತನಕ ಏನ ಹಚ್ಚಬೇಕ್ರಿ?” ಇದು ಮಂಜವ್ವ.

“ಏನೂ ಹಚ್ಚಬಾರದು, ಅಜ್ಜಿ. ಔಷಧ ಕುಡಿಸಬೇಕು, ನೀರಲ್ಲಿ ಮುಖ ತೊಳೀಬೇಕು, ಕಾಯಬೇಕು.”

ಕಾಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅರವತ್ತು ವರ್ಷ ಅವಳ ಬೆರಳುಗಳು ಒಂದು ಗಳಿಗೆ ಸುಮ್ಮನಿದ್ದವಲ್ಲ. ಹರಿದರೆ ಕಟ್ಟು, ಸಿಕ್ಕಾದರೆ ಬಿಡಿಸು, ನೋವೆಂದರೆ ತಿಕ್ಕು. ಈಗ ಕಣ್ಣೆದುರಿಗೆ ಕೂಸು ಉರಿಯುತ್ತಿತ್ತು, ಅವಳು ಕೈ ಮಡಚಿ ಕೂತಿರಬೇಕಿತ್ತು.

ಕೂತಿರಲು ಕೂಡ ಕೂಸು ಅವಳ ಬಳಿ ಇರಲಿಲ್ಲ. ಮರುದಿನದಿಂದ ವಿದ್ಯಾಶ್ರೀ ಅಂಗಡಿಗೆ ಹೋಗುವಾಗ ದುರ್ಗಾಳನ್ನು ರೋಶನಬಿಯ ಮನೆಯಲ್ಲಿ ಬಿಡತೊಡಗಿದಳು. ಜಗಳವಿಲ್ಲ, ಕಟುಮಾತಿಲ್ಲ. ಅತ್ತೆಗೆ ರೊಟ್ಟಿ ಬಡಿದು ಮುಚ್ಚಿಟ್ಟು, “ಉಣ್ರಿ” ಎಂದು ಹೇಳಿ, ಕೂಸನ್ನು ಎತ್ತಿಕೊಂಡು ಓಣಿ ದಾಟುತ್ತಿದ್ದಳು. ದುರ್ಗಾ ಆ ಬಾಗಿಲಿನಿಂದ “ಆಯೀ” ಎಂದು ಕರೆಯುವುದು, ಮಂಜವ್ವ ಈ ಬಾಗಿಲಿನಿಂದ “ಏನವ್ವಾ” ಎನ್ನುವುದು. ನಡುವೆ ಹನ್ನೆರಡು ಅಡಿಯ ಓಣಿ.

“ಬಾ ಮಂಜವ್ವಾ, ಇಲ್ಲೇ ಬಂದು ಕೂಡು. ಕೂಸು ಕೇಳತೈತಿ” ಎಂದು ರೋಶನಬಿ ಕರೆದರೂ ಇವಳು ಹೋಗುತ್ತಿರಲಿಲ್ಲ. “ಆಕಿ ಬಿಟ್ಟು ಹೋಗ್ಯಾಳ ನಿನ್ನ ಕಡೆ. ನಾ ಬಂದು ಮುಟ್ಟಿದ್ರ ನಿನ್ನ ಮ್ಯಾಲ ಮಾತ ಬರತೈತಿ” ಎನ್ನುವಳು. ಮಲಂಗಸಾಬನೂ ಆ ದಿನಗಳಲ್ಲಿ ಚೇಷ್ಟೆ ಮಾಡಲಿಲ್ಲ. ತಾನು ಹಿಂದೆ ಆಡಿದ ಮಾತು ನೆನಪಾಗಿ ಅವನೇ ತಲೆ ಕೆಳಗೆ ಹಾಕಿ ಹೊಲಿಯುತ್ತಿದ್ದ.

ಎರಡು ವಾರ ಹೋದವು, ಮೂರು, ನಾಲ್ಕು. ಕೀವು ಒಣಗಿತು, ಕಣ್ಣು ತೆರೆದವು. ಕೆಂಪು ಮಾತ್ರ ಕೂತೇ ಇತ್ತು. ಒಂದು ದಿನ ತಿಳಿಯಾದಂತೆ ಕಾಣುವುದು, ಮರುದಿನ ಬಿಸಿಲಿಗೋ ಬೆವರಿಗೋ ಮತ್ತೆ ಏರುವುದು. “ಕಡಿಮಿ ಆಗೇತೇನೋ?” ಎಂದು ಮಂಜವ್ವ ನನ್ನನ್ನು ಕೇಳುವಳು. “ನಾಳೆ ನೋಡೂಣು ತಡಿ” ಎನ್ನುತ್ತಿದ್ದೆ.

ಐದನೇ ವಾರ ರೋಶನಬಿ ತಂಗಿಯ ಮಗಳ ಶಾದಿಗೆಂದು ಲಕ್ಷ್ಮೇಶ್ವರಕ್ಕೆ ಹೋದಳು. ಮೌನೇಶನಿಗೆ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಕೆಲಸ, ವಿದ್ಯಾಶ್ರೀಗೆ ಇನ್ನೊಂದು ರಜೆ ಕೇಳುವಂತಿರಲಿಲ್ಲ. ಬೆಳಿಗ್ಗೆ ಬಹಳ ಹೊತ್ತು ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಳು. ಕೊನೆಗೆ ಕೂಸನ್ನು ಅತ್ತೆಯ ಮುಂದೆ ಇಳಿಸಿದಳು.

“ಹನ್ನೆರಡಕ್ಕ ಔಷಧ ಕುಡಸ್ರಿ. ಮತ್ತೇನೂ ಬ್ಯಾಡ್ರಿ.”

“ಮತ್ತೇನೂ ಇಲ್ಲವ್ವಾ” ಎಂದಳು ಮಂಜವ್ವ.

ಅಂದು ಸೆಕೆ ಹೆಚ್ಚು. ಮಧ್ಯಾಹ್ನಕ್ಕೆ ಕೂಸಿನ ಗಲ್ಲಕ್ಕೆ ಕಡಿತ ಶುರುವಾಯಿತು. ಉಗುರು ಹಾಕಿದರೆ ರಕ್ತ ಬರುತ್ತಿತ್ತು. ಮಂಜವ್ವ ಅದರ ಎರಡೂ ಕೈಗಳನ್ನು ತನ್ನ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬೀಸಣಿಕೆ ಬೀಸಿದಳು.

“ಆಯೀ, ಎಣ್ಣಿ ಹಚ್ಚ.”

“ಎಣ್ಣಿ ಇಲ್ಲವ್ವಾ.”

“ತುರಿಕಿ ಬಿಡವಲ್ದು ಆಯೀ. ಜರಾಽ ಹಚ್ಚ.”

“ಊದತೀನಿ, ಬಾ.”

ಅವಳು ಊದಿದಳು. ಉಸಿರು ಕಟ್ಟುವ ತನಕ ಊದಿ, ಸುಧಾರಿಸಿಕೊಂಡು ಮತ್ತೆ ಊದಿದಳು. ಊದಿದಷ್ಟು ಹೊತ್ತು ಕೂಸು ಸುಮ್ಮನಿರುತ್ತಿತ್ತು, ನಿಲ್ಲಿಸಿದರೆ ಕೈ ಕೊಸರುತ್ತಿತ್ತು. ನಾನು ನೋಡಿಬರಲು ಹೋದಾಗ ನಾಲ್ಕು ಗಂಟೆ. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಹಿಡಿದ ಕೈಗಳನ್ನು ಅವಳು ಆಗಲೂ ಬಿಟ್ಟಿರಲಿಲ್ಲ. “ನೀರ ತಂದು ಕೊಡ್ಲೇನ ಮಂಜವ್ವಾ?” ಎಂದೆ. ಬೇಡವೆಂದು ತಲೆ ಅಲ್ಲಾಡಿಸಿದಳು.

ವಿದ್ಯಾಶ್ರೀ ಬಂದಾಗ ಬಿಸಿಲು ಇಳಿದಿತ್ತು. ಚೀಲ ಕೆಳಗಿಟ್ಟು ನೆಟ್ಟಗೆ ಕೂಸಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಮಲಗಿದ್ದ ಮಗಳ ಗಲ್ಲದ ಮೇಲೆ ಮೆಲ್ಲಗೆ ಒಂದು ಬೆರಳು ಎಳೆದಳು. ಆ ಬೆರಳನ್ನು ಮೂಗಿಗೆ ಹಿಡಿದು ಮೂಸಿ ನೋಡಿದಳು.

ಮಂಜವ್ವ ಅದನ್ನು ನೋಡಿದಳು. ನೋಡಿದ್ದು ಸೊಸೆಗೂ ತಿಳಿಯಿತು.

“ಉಂಡಾಳೇನ್ರಿ?” ಎಂದು ವಿದ್ಯಾಶ್ರೀ ಕೇಳಿದಳು.

“ಎರಡ ತುತ್ತು” ಎಂದಳು ಮಂಜವ್ವ. “ಬಾಯಿ ತಗ್ಯಾಕ ನೋವು ಅಂದ್ಲು.”